1818ರ ರಾಮ ದರ್ಬಾರ್ ನಾಣ್ಯ ಅಸಲಿಯೇ?

ಪ್ರಶ್ನೆ: ಜಾತ್ರೆಯಲ್ಲಿ ಒಂದು ನಾಣ್ಯ ಕೊಂಡೆ. ಒಂದು ಕಡೆ ರಾಮ ದರ್ಬಾರ್ (ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರ), ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತಿದೆ. ಫೋನಿನಲ್ಲಿ ಒಬ್ಬರು ಎರಡು ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಳಿಸಿ ಅಂತಿದ್ದಾರೆ. ಕಳಿಸಲೇ?
– ಓದುಗರು, ಕೊಪ್ಪಳ

ಉತ್ತರ: ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೊಳ್ಳುವವರು ದುಡ್ಡು ಕೊಡಬೇಕು, ಕೇಳಬಾರದು ಅಲ್ವಾ? ಹಳೆ ನಾಣ್ಯದ ಹೆಸರಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಇನ್ನು ನಾಣ್ಯದ ವಿಷಯ. ಕಂಪನಿ ಇಂಥದ್ದನ್ನು ಹೊರಡಿಸಿಯೇ ಇಲ್ಲ. ಇದು ಈಚೆಗೆ ಅಚ್ಚು ಹಾಕಿದ ಟೋಕನ್, ಅಂದರೆ ನಾಣ್ಯದಂತೆ ಕಾಣುವ ಬರೀ ಬಿಲ್ಲೆ. ಬಳ್ಳಾರಿಯ ನಮ್ಮ ಮನೆಗೆ ಇಂಥವನ್ನು ಹಿಡಿದು ಬರುವವರು ಜಾಸ್ತಿ, ಅವರ ಮುಖ ಸಪ್ಪಗಾಗುವುದನ್ನು ನೋಡಿದರೆ ಸಂಕಟವಾಗುತ್ತೆ. ಕಂಪನಿ ದೇವರ ಚಿತ್ರ ಹಾಕಿಲ್ಲ ಅಂತಲ್ಲ. ಮದ್ರಾಸಿನಲ್ಲಿ ಅಚ್ಚಾದ ಪಗೋಡ ಎಂಬ ಚಿನ್ನದ ನಾಣ್ಯಗಳಲ್ಲಿ ದೇವರಿದ್ದಾರೆ. ಆದರೆ ಅವು ಪುಟ್ಟವು, ಅಂಗೈಯಲ್ಲಿ ಕಡಲೆಕಾಳಿನಷ್ಟು.

ನಿಮ್ಮದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ತಗ್ಗುಗಳಲ್ಲಿ ಮಾತ್ರ ಕಪ್ಪು ಬಣ್ಣ ಕೂತಿರುತ್ತೆ, ಅಕ್ಷರ ಮೊಂಡಾಗಿರುತ್ತೆ. ಪಕ್ಕದಲ್ಲಿ ಕಂಪನಿಯದೇ 1835ರ ಅಸಲಿ ಕಾಲಾಣೆ ನಾಣ್ಯ ಇಡಿ. ಸಿಂಹಗಳ ಲಾಂಛನ ಸವೆದಿದ್ದರೂ ಗೆರೆಗಳು ಚೊಕ್ಕವಾಗಿರುತ್ತವೆ.

2012ರ ವೈಷ್ಣೋದೇವಿಯ ಐದು, ಹತ್ತು ರೂಪಾಯಿ ನಾಣ್ಯಕ್ಕೂ ಲಕ್ಷ ಸಿಗುತ್ತೆ ಅನ್ನೋದು ಬರೀ ಗಾಳಿಮಾತು. ಚಿನ್ನದ ಲೇಪ ಹಾಕಿ ಡಬ್ಬಿಯಲ್ಲಿ ಮಾರುವ ನಾಣ್ಯವನ್ನೂ ಬಿಡಿ, ಟಂಕಸಾಲೆಯಿಂದ ಹೊರಬಂದ ಮೇಲೆ ಲೇಪ ಹಾಕಿದರೆ ಸಂಗ್ರಹಕಾರರ ಪಾಲಿಗೆ ಅದು ಕೆಟ್ಟ ಹಾಗೇ. ನೂರು ರೂಪಾಯಿಯ ಸ್ಮರಣಾರ್ಥ ಬೆಳ್ಳಿ ನಾಣ್ಯ ಬೇಕಿದ್ದರೆ ಸರ್ಕಾರಿ ಟಂಕಸಾಲೆಯಿಂದಲೇ ತರಿಸಿ. ಅಂಥ ಹಲವು ನಾಣ್ಯಗಳಲ್ಲೂ ಬೆಳ್ಳಿ ಅರ್ಧದಷ್ಟೇ ಇರುತ್ತಿತ್ತು, ಉಳಿದದ್ದು ತಾಮ್ರ, ನಿಕಲ್, ಸತು.