ರಾಯಚೂರಿನಿಂದ ಲಂಡನ್: ಎಷ್ಟು ದೂರ, ಎಷ್ಟು ತಾಸು?

ಮಗಳು ಸೆಪ್ಟೆಂಬರಿನಲ್ಲಿ ಓದಲಿಕ್ಕೆ ಲಂಡನ್‌ಗೆ ಹೊರಟಿದ್ದಾಳೆ, ಎಷ್ಟು ದೂರ, ಎಷ್ಟು ತಾಸು, ಬೆಂಗಳೂರಿನಿಂದ ಹತ್ತಿಸಬೇಕೋ ಹೈದರಾಬಾದಿನಿಂದಲೋ ಅಂತ ಕೇಳಿದ್ದೀರಿ. ರಾಯಚೂರಿನವರಿಗೆ ಹೈದರಾಬಾದೇ ಸರಿ. ಬೆಂಗಳೂರು 400 ಕಿ.ಮೀ. ಮೀರಿದ ದಾರಿ, ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದ್ ಸುಮಾರು 200. ಶಕ್ತಿನಗರ, ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋದರೆ ವಿಮಾನ ನಿಲ್ದಾಣ ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರು ಊರೊಳಗಿನ ದೊಡ್ಡ ನಿಲ್ದಾಣದವರೆಗೆ ಹೋಗಿ ತಿರುಗಿ ಬರಬೇಡಿ, ಶಂಶಾಬಾದಿನಲ್ಲೇ ಇಳಿದು ಆಟೊ ಹಿಡಿಯಿರಿ. ಕಾರಿಗೆ ನಾಲ್ಕು ತಾಸು ಸಾಕು, ಆದರೆ ಐದು ಅಂತಲೇ ಹಿಡಿಯಿರಿ.

ಹೈದರಾಬಾದಿನಿಂದ ಲಂಡನ್‌ಗೆ ಭೂಮಿಯ ಗುಂಡು ಮೈ ಮೇಲೆ ಅಳೆದ ನೇರ ದೂರ ಸುಮಾರು 7,750 ಕಿ.ಮೀ. ತಾಸಿಗೆ 900 ಕಿ.ಮೀ. ಅಂತ ಭಾಗಿಸಿದರೆ ಎಂಟೂವರೆ ತಾಸು ಚಿಲ್ಲರೆ ಬರುತ್ತದೆ. ಈ ಲೆಕ್ಕ ನಂಬಬೇಡಿ. ನೇರ ವಿಮಾನಕ್ಕೂ ಹತ್ತು, ಹತ್ತೂವರೆ ತಾಸು ಬೇಕು. ಆ ನೇರ ಗೆರೆ ಅಫ್ಘಾನಿಸ್ತಾನ, ರಷ್ಯಾ, ಉಕ್ರೇನ್ ಮೇಲೆ ಹಾಯುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರುವರಿಯಿಂದ ಮುಚ್ಚಿದೆ, ಹಾಗಾಗಿ ವಿಮಾನಗಳು ದಕ್ಷಿಣಕ್ಕೆ ಸರಿದು ಸುತ್ತುಹಾಕುತ್ತವೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಹೋಗುವಾಗ ಎದುರುಗಾಳಿ. ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು ಹೆಚ್ಚುಕಮ್ಮಿ ಒಂದು ತಾಸು ಉಳಿಯುತ್ತದೆ.

ಹೆಚ್ಚಿನವರು ತಪ್ಪುವುದು ಟಿಕೆಟ್ ಓದುವಾಗ. ಅದರಲ್ಲಿ ಹೊರಡುವ ಸಮಯ ನಮ್ಮದು, ಇಳಿಯುವ ಸಮಯ ಅಲ್ಲಿಯದು. ಬೆಳಿಗ್ಗೆ 7ಕ್ಕೆ ಬಿಟ್ಟು ಮಧ್ಯಾಹ್ನ 12-30ಕ್ಕೆ ಇಳಿಯುತ್ತದೆ ಅಂತಿದ್ದರೆ ಅದು ಐದೂವರೆ ತಾಸಿನ ಹಾರಾಟವಲ್ಲ. ಸೆಪ್ಟೆಂಬರಿನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಅದನ್ನು ಕೂಡಿಸಿ, ಹತ್ತು ತಾಸು. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ಐದೂವರೆ. ನೀವು ಫೋನ್ ಮಾಡುವಾಗಲೂ ಇದು ನೆನಪಿರಲಿ.

ದುಬೈ ಮೇಲೆ ಹೋದರೆ ಬಹಳ ಸುತ್ತು ಅಂತ ಹೆದರುತ್ತಾರೆ. ಹೈದರಾಬಾದ್–ದುಬೈ ಸುಮಾರು 2,550, ದುಬೈ–ಲಂಡನ್ ಸುಮಾರು 5,500, ಒಟ್ಟು 8,050 ಕಿ.ಮೀ. ಹೆಚ್ಚಾಗುವುದು ಬರೀ 300. ಸಮಯ ತಿನ್ನುವುದು ದುಬೈಯಲ್ಲಿ ಕಾಯುವುದೇ. ಆ ನಡುವಿನ ಅವಧಿ ಎರಡು ತಾಸಿಗಿಂತ ಕಡಿಮೆ ಇದ್ದರೆ ಮೊದಲ ಸಲ ಒಬ್ಬಳೇ ಹೋಗುವ ಹುಡುಗಿಗೆ ಬೇಡ. ಮೂರು ತಾಸು ಇದ್ದರೆ ನಿರಾಳ.

ಎಲ್ಲ ಕೂಡಿಸಿದರೆ: ರಸ್ತೆಗೆ ಐದು, ನಿಲ್ದಾಣದಲ್ಲಿ ಮೂರು, ನೇರ ಹಾರಾಟ ಹತ್ತೂವರೆ, ಅಲ್ಲಿ ಇಮಿಗ್ರೇಷನ್ ಮುಗಿಸಿ ಬ್ಯಾಗ್ ತೆಗೆದುಕೊಳ್ಳಲು ಒಂದೂವರೆ. ಮನೆ ಬಿಟ್ಟಾಗಿನಿಂದ 20 ತಾಸು. ದುಬೈ ಮೇಲಾದರೆ 24 ಹಿಡಿಯಿರಿ. ನಡುವೆ ವಿಮಾನ ಬದಲಿಸುವುದಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಕೊಂಡರೆ ಎರಡನೆಯದರ ದುಡ್ಡು ನಿಮ್ಮದೇ ಹೋಗುತ್ತದೆ.