ಎತ್ತರದ ಗಂಡು ಗಿಡ ಸಾಕಾ? ಹೆಂಪ್ ತಳಿ ಪ್ರಶ್ನೆಗೆ ಪ್ರತಿಕ್ರಿಯೆ

ನಾರಿನ ಹೆಂಪ್‌ನಲ್ಲಿ (ನಾರಿಗಾಗಿ ಬೆಳೆಯುವ ಭಂಗಿ ಜಾತಿಯ ಗಿಡ) ಅತಿ ಎತ್ತರದ ಗಂಡು ಗಿಡವನ್ನೇ ತಂದೆಯಾಗಿ ಇಟ್ಟುಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಎತ್ತರ ಒಳ್ಳೆಯದೇ, ಆದರೆ ಅದೊಂದೇ ಸಾಲದು. ನಾರು ಇರುವುದು ತೊಗಟೆಯಲ್ಲಿ. ಕಾಂಡ ದಪ್ಪವಾದಷ್ಟೂ ಒಳಗಿನ ಕಟ್ಟಿಗೆ ಭಾಗವೇ ಜಾಸ್ತಿ. ಹಾಗಾಗಿ ಸಪೂರ ಕಾಂಡ, ಗೆಣ್ಣುಗಳ ನಡುವೆ ಉದ್ದ ಅಂತರ, ಕಡಿಮೆ ಕೊಂಬೆ ಇವನ್ನೂ ನೋಡಿ.

ಆದರೂ ಹೊರಗಿನಿಂದ ನೋಡಿ ನಾರಿನ ಪ್ರಮಾಣ ಹೇಳುವುದು ಕಷ್ಟ ಅಲ್ವಾ? ಅದೂ ಅಲ್ಲದೆ ಗಂಡು ಗಿಡ ಪರಾಗ ಉದುರಿಸಿ ಬೇಗ ಒಣಗಿ ಹೋಗುತ್ತದೆ. ಆಮೇಲೆ ಅಳೆದು ಏನು ಪ್ರಯೋಜನ? ಇದಕ್ಕೆ ಜರ್ಮನಿಯ ಸಸ್ಯವಿಜ್ಞಾನಿ ಬ್ರೆಡೆಮಾನ್ ಒಂದು ಚಂದದ ಉಪಾಯ ಕಂಡುಕೊಂಡಿದ್ದರು. ಹೂ ಬಿಡುವ ಮುಂಚೆ ಗಂಡು ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ನಾರಿನ ಪರೀಕ್ಷೆಗೆ ತೆಗೆಯುವುದು. ಉಳಿದರ್ಧದಲ್ಲಿ ಗಿಡ ಬದುಕಿರುತ್ತದೆ. ನಾರು ಜಾಸ್ತಿ ಇರುವ ಗಂಡುಗಳನ್ನು ಮಾತ್ರ ಉಳಿಸಿ, ಮಿಕ್ಕವನ್ನು ಪರಾಗ ಬಿಡುವ ಮೊದಲೇ ಕೀಳುವುದು. ನನ್ನ ಪ್ರಕಾರ ಈ ಬೆಳೆಯಲ್ಲಿ ಇಷ್ಟು ಜಾಣ ಕೆಲಸ ಇನ್ನೊಂದಿಲ್ಲ.

ತಾಯಿ ಗಿಡದ ಆಯ್ಕೆ ಸುಲಭ. ಬೀಜ ಕೈಯಲ್ಲಿಟ್ಟುಕೊಂಡು, ಕಾಂಡ ಪರೀಕ್ಷಿಸಿ, ಆಮೇಲೆ ಯಾವುದು ಬಿತ್ತಬೇಕು ಅಂತ ತೀರ್ಮಾನಿಸಬಹುದು.

ಇನ್ನೊಂದು ಮಾತು. ಟಿಎಚ್‌ಸಿ (ಅಮಲೇರಿಸುವ ಅಂಶ) ಪ್ರಮಾಣ ಕಣ್ಣಿಗೆ ಕಾಣುವ ಗುಣವಲ್ಲ, ಲ್ಯಾಬ್‌ನಲ್ಲೇ ನೋಡಬೇಕು. ಉತ್ತರಾಖಂಡದಲ್ಲಿ ಪರವಾನಗಿ ಇದ್ದರೂ ಮಿತಿ ಶೇ. 0.3. ಪರಾಗ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಕಾಡು ಗಿಡದ ಪರಾಗ ಬಂದು ಬೆರೆತರೆ ಮುಂದಿನ ಪೀಳಿಗೆಯಲ್ಲಿ ಈ ಪ್ರಮಾಣ ಏರಬಹುದು. ನಿಮ್ಮ ಆಸುಪಾಸಿನಲ್ಲಿ ಕಾಡು ಭಂಗಿ ಗಿಡಗಳಿವೆಯಾ?