ನಿಮ್ಮ ಲೇಖನ ಶುರುವಾಗಬೇಕಾದ್ದು ಬಚ್ಚಲಮನೆಯಲ್ಲಿ

ಡಾಕ್ಟರೇ, ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಮೂರ್ಛೆ: ಕಾರಣ ಮತ್ತು ಪರಿಹಾರ’ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗುವುದಿಲ್ಲ. ಸುತ್ತಿ ಬಳಸಿ ಹೇಳಿದರೆ ಇಬ್ಬರಿಗೂ ಹೊತ್ತು ದಂಡ.

‘ಇಂದಿನ ಒತ್ತಡದ ಬದುಕಿನಲ್ಲಿ’ ಎಂದು ಶುರುವಾಗುವ ಆರೋಗ್ಯ ಲೇಖನ ನಮ್ಮ ಮೇಜಿಗೆ ತಿಂಗಳಿಗೆ ಹತ್ತಾದರೂ ಬೀಳುತ್ತವೆ. ನಿಮ್ಮದರಲ್ಲಿ ಅದರ ಬೆನ್ನಿಗೇ ಇಪ್ಪತ್ಮೂರು ಕಾರಣಗಳ ಪಟ್ಟಿ. ನೀರು ಕಡಿಮೆ ಕುಡಿದದ್ದು ಎಂಟನೆಯದು, ಹೃದಯದ ಕವಾಟ ಕಿರಿದಾದದ್ದು ಒಂಬತ್ತನೆಯದು. ಒಂದಕ್ಕೆ ಮಜ್ಜಿಗೆ ಸಾಕು, ಇನ್ನೊಂದು ಜೀವ ತೆಗೆದೀತು. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಓದುವವನು ಹೆದರಬೇಕೋ ಬಿಡಬೇಕೋ?

ಹನ್ನೊಂದನೇ ಪ್ಯಾರಾದಲ್ಲಿ ಒಂದು ಸಾಲಿದೆ: ‘ನನ್ನ ಸೋದರಮಾವ ಒಮ್ಮೆ ರಾತ್ರಿ ಬಚ್ಚಲಲ್ಲಿ ಬಿದ್ದಿದ್ದರು, ತಲೆ ಸ್ಕ್ಯಾನ್ ನಾರ್ಮಲ್ ಬಂತು.’ ಅಷ್ಟೇ ಬರೆದು ಮುಂದೆ ಹೋಗಿದ್ದೀರಿ. ಫೋನಿನಲ್ಲಿ ಕೆದಕಿದಾಗ ಅಲ್ಲವೇ ಉಳಿದದ್ದು ಹೊರಗೆ ಬಂದದ್ದು? ಅರವತ್ನಾಲ್ಕು ವಯಸ್ಸು. ಪ್ರಾಸ್ಟೇಟ್‌ಗೆಂದು ರಾತ್ರಿ ಊಟದ ಮೇಲೆ ಟ್ಯಾಮ್ಸುಲೋಸಿನ್ ಮಾತ್ರೆ. ಎರಡು ಗಂಟೆಗೆ ಬೆಚ್ಚಗಿನ ಹಾಸಿಗೆಯಿಂದ ದಡಬಡಿಸಿ ಎದ್ದು ಹೋಗಿ ನಿಂತೇ ಮೂತ್ರ ಮಾಡಿದ್ದಾರೆ, ಕಣ್ಣು ಕತ್ತಲಿಟ್ಟಿದೆ. ಚೊಂಬು ಉರುಳಿದ ಸದ್ದಿಗೆ ಅತ್ತೆ ಓಡಿಬಂದರೆ ಮುಖ ಸುಣ್ಣ, ಹಣೆ ತುಂಬಾ ಬೆವರು, ಕೈ ಎರಡು ಮೂರು ಸಲ ಅದುರಿತು. ಅರ್ಧ ನಿಮಿಷಕ್ಕೆಲ್ಲ ಕಣ್ಣು ಬಿಟ್ಟು ‘ಯಾಕೆ ಕೂಗ್ತೀಯೆ?’ ಎಂದರಂತೆ. ಅಷ್ಟರಲ್ಲಿ ಪಕ್ಕದ ಮನೆಯವರು ಫಿಟ್ಸ್ ಎಂದು ತೀರ್ಮಾನಿಸಿ ಬೀಗದ ಕೈ ಗೊಂಚಲು ಅಂಗೈಗೆ ತುರುಕಿ ಆಗಿತ್ತು.

ನಿಮ್ಮ ಲೇಖನ ಇದೇ. ನಾವು ಎದ್ದು ನಿಂತಾಗಲೆಲ್ಲ ಅರ್ಧ ಲೀಟರಿಗೂ ಮೀರಿ ರಕ್ತ ಕಾಲು, ಹೊಟ್ಟೆಯತ್ತ ಇಳಿಯುತ್ತದೆ. ನಾಳಗಳು ಬಿಗಿದುಕೊಂಡು ಅದನ್ನು ಮೇಲೆ ತಳ್ಳಬೇಕು. ಮಾವನಿಗೆ ಹಾಸಿಗೆಯ ಬಿಸಿಗೆ ನಾಳ ಸಡಿಲ, ಮಾತ್ರೆಯಿಂದ ಇನ್ನಷ್ಟು ಸಡಿಲ, ತುಂಬಿದ ಮೂತ್ರಕೋಶ ಖಾಲಿಯಾದದ್ದರಿಂದ ಇದ್ದ ಬಿಗಿಯೂ ಹೋಯಿತು. ಮಿದುಳಿಗೆ ಹೋಗುವ ರಕ್ತ ಆರೆಂಟು ಸೆಕೆಂಡು ನಿಂತರೆ ಸಾಕು, ಮನುಷ್ಯ ನೆಲಕ್ಕೆ. ಬಿದ್ದು ಮಲಗಿದಂತಾದ್ದರಿಂದಲೇ ಎಚ್ಚರ ಬಂತು. ಇಪ್ಪತ್ಮೂರರಲ್ಲಿ ನಾಲ್ಕು ಕಾರಣ ಇಲ್ಲೇ, ಒಬ್ಬನೇ ಮನುಷ್ಯನ ಮೈಯಲ್ಲಿ ಸಿಕ್ಕವಲ್ಲ!

ಇನ್ನು ‘ಮೂರ್ಛೆ’ ಎಂಬ ಪದ. ಕೆಲವು ಓದುಗರಿಗೆ ಅದು ಎಚ್ಚರ ತಪ್ಪಿದ್ದು, ಮಿಕ್ಕವರಿಗೆ ಮೂರ್ಛೆರೋಗ. ನೀವು ಒಂದೇ ಪುಟದಲ್ಲಿ ಎರಡೂ ಅರ್ಥಕ್ಕೆ ಬಳಸಿದ್ದೀರಿ. ಮದುವೆಗೆ ಬಂದ ಹುಡುಗಿ ಚಪ್ಪರದ ಸೆಕೆಗೆ ಕುಸಿದದ್ದು ಬೀಗರ ಕಿವಿಗೆ ಫಿಟ್ಸ್ ಆಗಿ ಬಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ‘ಎಚ್ಚರ ತಪ್ಪುವುದು’ ಎಂದೇ ಬರೆಯಿರಿ. ‘ತಲೆಸುತ್ತು’ ಕೂಡ ಬೇಡ. ಗೋಡೆ ಗಿರ್ರನೆ ತಿರುಗಿದ್ದು ಬೇರೆ, ಕಣ್ಣು ಕತ್ತಲಿಟ್ಟದ್ದು ಬೇರೆ. (ನಮ್ಮಜ್ಜಿ ‘ಬವಳಿ ಬಂತು’ ಅನ್ನುತ್ತಿದ್ದಳು. ನನಗಿಷ್ಟ, ಆದರೆ ಈಗ ಎಷ್ಟು ಜನಕ್ಕೆ ತಿಳಿದೀತೋ.)

‘ಮೈ ಅದುರಿದರೆ ಫಿಟ್ಸ್ ಎಂದೇ ತಿಳಿಯಿರಿ’ ಎಂಬ ನಿಮ್ಮ ವಾಕ್ಯ ತಪ್ಪು, ತೆಗೆಯಿರಿ. 1994ರಲ್ಲಿ ಪ್ರಕಟವಾದ ಬರ್ಲಿನ್ ವೈದ್ಯರ ಅಧ್ಯಯನದಲ್ಲಿ ಆರೋಗ್ಯವಂತರನ್ನೇ ಬೇಕೆಂದು ಎಚ್ಚರ ತಪ್ಪಿಸಿ ವಿಡಿಯೋ ತೆಗೆದರು. ಪೂರ್ತಿ ಎಚ್ಚರ ತಪ್ಪಿದ 42 ಮಂದಿಯಲ್ಲಿ 38 ಮಂದಿಗೆ ಕೈಕಾಲು ಅದುರಿದ್ದವು. ಫಿಟ್ಸ್ ಆದರೆ ಅದುರಾಟ ಒಂದೇ ಲಯದಲ್ಲಿ ನಿಮಿಷಗಟ್ಟಲೆ ಹಿಡಿಯಬಹುದು, ನಾಲಿಗೆಯ ಅಂಚು ಕಚ್ಚಿರಬಹುದು, ಆಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ‘ಯಾಕೆ ಕೂಗ್ತೀಯೆ’ ಎಂದು ಥಟ್ಟನೆ ಕೇಳುವವರಿಗೆ ಮಂಕು ಎಲ್ಲಿದೆ? ರೋಗ ಗುರುತಿಸಿದ್ದು ನಿಮ್ಮ ಅತ್ತೆ, ಸ್ಕ್ಯಾನ್ ಅಲ್ಲ. ಕಣ್ಣಾರೆ ಕಂಡವರನ್ನು ಏನೇನು ಕೇಳಬೇಕೆಂದು ಒಂದು ಪ್ಯಾರಾ ಬರೆಯಿರಿ.

‘ಬಿ.ಪಿ. ನೋಡಬೇಕು’ ಎಂದರೆ ಯಾರಿಗೂ ಏನೂ ತಿಳಿಯದು. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಅರ್ಥವುಂಟು. ಕೂರಿಸಿಕೊಂಡೇ ನೋಡಿ ‘ನಾರ್ಮಲ್’ ಎಂದು ಕಳಿಸುವ ಚಾಳಿಯನ್ನು ಒಳಗಿನವರಾದ ನೀವೇ ಬರೆದರೆ ಚೆನ್ನ.

‘ಎಬ್ಬಿಸಿ ಕೂರಿಸಿ ನೀರು ಕುಡಿಸಿ’ ಎಂದಿದ್ದೀರಿ. ಖಂಡಿತ ಬೇಡ. ಮಲಗಿಸಿ ಕಾಲು ಎತ್ತಬೇಕು, ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ಏನೂ ಹಾಕಬಾರದು.

ನಿಜಕ್ಕೂ ಹೆದರಬೇಕಾದ್ದು ಯಾವಾಗ ಎಂಬುದನ್ನು ಎದ್ದು ಕಾಣುವ ಹಾಗೆ ಹೇಳಿ: ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಿದ್ದವರು, ಮಲಗಿದ್ದಲ್ಲೇ ಎಚ್ಚರ ತಪ್ಪಿದವರು, ಎದೆ ಡವಗುಟ್ಟಿ ಬಿದ್ದವರು, ಯಾವ ಸೂಚನೆಯೂ ಇಲ್ಲದೆ ಕಡಿದ ಮರದಂತೆ ಉರುಳಿದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತನೆ ಹೋಗಿದ್ದರೆ ಅಂಥವರು. ಇವರಲ್ಲಿ ಹೃದಯವನ್ನೇ ಶಂಕಿಸಬೇಕು. ನೀವು ಸ್ಟೋಕ್ಸ್-ಆಡಮ್ಸ್ ಎಂದು ಬರೀ ಹೆಸರು ಹಾಕಿದ್ದೀರಿ. ಡಬ್ಲಿನ್ನಿನ ಆ ಇಬ್ಬರು ವೈದ್ಯರು, ಆಡಮ್ಸ್ 1827ರಲ್ಲಿ, ಸ್ಟೋಕ್ಸ್ 1846ರಲ್ಲಿ, ನಿಧಾನವಾದ ನಾಡಿಗೂ ಎಚ್ಚರ ತಪ್ಪುವುದಕ್ಕೂ ನಂಟು ಕಂಡು ಬರೆದರು. ಆಗ ಇಸಿಜಿ ಎಲ್ಲಿತ್ತು? ಕೈಬೆರಳೇ ಯಂತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ಬರೆಯುವ ನಿಮಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗದು.

ಒಂಬೈನೂರು ಪದ ಸಾಕು. ಮಾವನ ಹೆಸರು, ಊರು ಬೇಡ. ಅವರ ಒಪ್ಪಿಗೆ ಮಾತ್ರ ಬೇಕು. ಒಂದು ಮಾತು ಉಳಿಯಿತು. ಎಚ್ಚರ ತಪ್ಪಿದ ದೊಡ್ಡವರೆಲ್ಲರಿಗೂ ಇಸಿಜಿ ಆಗಲೇಬೇಕೆಂದು ಫೋನಿನಲ್ಲಿ ನೀವೇ ಹೇಳಿದಿರಿ. ಮಾವನ ತಲೆ ಸ್ಕ್ಯಾನ್ ವಿಷಯ ಬರೆದಿದ್ದೀರಿ, ಇಸಿಜಿ ಬಗ್ಗೆ ಒಂದಕ್ಷರವೂ ಇಲ್ಲ. ತೆಗೆಸಿದ್ದಿರಾ?